ಫ್ಯಾನ್ ಕಾರ್ಖಾನೆಯ ಸಂಕಲ್ಪ

ಪಂಡಿತ ಚಕ್ರಧರ ಸೇಮವಾಲರು ಹರಿದ್ವಾರದ ಪಕ್ಕದ ಕನಖಲಿನ ಸ್ನಾನಘಟ್ಟದ ಮೇಲೆ ನಿಂತು ಬೆಳಗಿನ ಮಂತ್ರ ಶುರು ಮಾಡಿದರೆಂದರೆ ಆಚೆ ದಡದ ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದವು. ಗಂಗೆಯೂ ಎರಡು ಕ್ಷಣ ನಿಂತು ಕೇಳಿ ಮುಂದೆ ಹೋಗುತ್ತಿದ್ದಳೆಂದು ಹೇಳುವವರಿದ್ದರು. ಅದು ಸ್ವಲ್ಪ ಹೆಚ್ಚಾಯಿತು, ಗಂಗೆಗೆ ಅಷ್ಟು ಪುರುಸೊತ್ತಿಲ್ಲ. ಆದರೆ ಎಮ್ಮೆಗಳ ವಿಷಯ ನಿಜ.

ಇಂಥ ಕಂಠವಿದ್ದ ಮನುಷ್ಯ ದೊಡ್ಡ ಪ್ರವಚನಕಾರನಾಗಿ ಬಿಳಿ ಕಾರಿನಲ್ಲಿ ತಿರುಗಬೇಕಿತ್ತು. ತಿರುಗಲಿಲ್ಲ. ಅವರಿಗೊಂದು ಕಾಯಿಲೆ ಇತ್ತು. ಗ್ರಂಥದಲ್ಲಿ ಇಲ್ಲದ್ದನ್ನು ಹೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಹರಿದ್ವಾರದಲ್ಲಿ ಈ ಕಾಯಿಲೆ ಇಟ್ಟುಕೊಂಡು ಪೌರೋಹಿತ್ಯ ಮಾಡುವುದೆಂದರೆ ಮಿಠಾಯಿ ಅಂಗಡಿ ತೆರೆದು ಸಕ್ಕರೆ ಮುಟ್ಟುವುದಿಲ್ಲ ಎಂದ ಹಾಗೆ. ಒಮ್ಮೆ ಒಬ್ಬ ಜವಳಿ ವ್ಯಾಪಾರಿಯ ಮಗನ ಉಪನಯನದಲ್ಲಿ ಬೇರೊಬ್ಬ ಪುರೋಹಿತರು, ಬ್ರಾಹ್ಮಣನಿಗೆ ಫ್ರಿಜ್ ದಾನ ಕೊಟ್ಟವನ ಏಳು ತಲೆಮಾರು ತಂಪಾಗಿರುತ್ತದೆ ಎಂಬ ಅರ್ಥದ ಶ್ಲೋಕವನ್ನು ಕೂತಲ್ಲೇ ಹೊಸೆದು ಹಾಡಿದರು. ಸೇಮವಾಲರು ಎದ್ದು ನಿಂತು, "ಯಾವ ಗ್ರಂಥ? ಎಷ್ಟನೇ ಅಧ್ಯಾಯ?" ಎಂದು ಅದೇ ಎಮ್ಮೆ ನಿಲ್ಲಿಸುವ ಕಂಠದಲ್ಲಿ ಕೇಳಿದರು. ಆ ದಿನ ಅವರಿಗೆ ಊಟ ಸಿಗಲಿಲ್ಲ. ಆಮೇಲೆ ಕರೆಯೂ ಬರಲಿಲ್ಲ.

ಉಳಿದದ್ದು ಪಾಠಶಾಲೆ. ಅಲ್ಲಿ ವ್ರತ ಯಾವಾಗ ಹಿಡಿಯಬೇಕು, ಹೇಗೆ ನಡೆಸಬೇಕು, ಹೇಗೆ ಮುಗಿಸಬೇಕು ಎಂಬುದನ್ನು ಹುಡುಗರಿಗೆ ಕಲಿಸುತ್ತ ಅವರ ಕೂದಲು ಬೆಳ್ಳಗಾಯಿತು. ಹುಡುಗರು ಒಬ್ಬೊಬ್ಬರಾಗಿ ಕಡಿಮೆಯಾದರು. ಕಡೆಯ ಶಿಷ್ಯ ಮೊಬೈಲ್ ರಿಪೇರಿ ಕಲಿಯಲು ರೂಡ್ಕಿಗೆ ಹೋದ ಮೇಲೂ ಸೇಮವಾಲರು ಒಂದು ತಿಂಗಳು ಖಾಲಿ ಚಾಪೆಗಳಿಗೆ ಪಾಠ ಹೇಳಿದರಂತೆ. ಚಾಪೆಗಳು ತಕ್ಕಮಟ್ಟಿಗೆ ಕಲಿತವು. ಕೊನೆಗೆ ಟ್ರಸ್ಟಿನವರು ಆ ಕಟ್ಟಡವನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಟ್ಟು, ಪಂಡಿತರನ್ನು ಹೂಹಾರ ಹಾಕಿ ಮನೆಗೆ ಕಳಿಸಿದರು.

ಮನೆಯಲ್ಲಿ ಇಬ್ಬರು. ಹೆಂಡತಿ ಸತೇಶ್ವರಿ, ಮತ್ತು ಅವಳ ತಮ್ಮ ಭೂದೇವ. ಪೌಡಿಯ ಮೇಲಿನ ಬೆಟ್ಟದ ಹಳ್ಳಿಯಲ್ಲಿ ತಾಯಿ ಸತ್ತಾಗ ಭೂದೇವನಿಗೆ ಹಾಲುಹಲ್ಲು ಉದುರುವ ವಯಸ್ಸು. ಅಕ್ಕ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿ ಕೆಳಗೆ ತಂದಳು. ಈ ದಂಪತಿಗೆ ಮಕ್ಕಳಾಗಲಿಲ್ಲ, ಆದ್ದರಿಂದ ಅವನೇ ಮಗ. ಭಾವ ಅವನಿಗೆ ಸಂಸ್ಕೃತ ಕಲಿಸಲು ಪಟ್ಟ ಪಾಡಿನಲ್ಲಿ ಒಂದು ಕಲ್ಲುಬಂಡೆ ವಿದ್ವಾಂಸನಾಗಿಬಿಡುತ್ತಿತ್ತು. ಭೂದೇವ ಆಗಲಿಲ್ಲ. ಆದರೆ ಭಾವನ ಬಾಯಿಂದ ಬಂದದ್ದೆಲ್ಲ ದೇವರೇ ಹೇಳಿದ್ದು ಎಂಬ ನಂಬಿಕೆ ಮಾತ್ರ ಅವನ ಎಲುಬಿಗೆ ಇಳಿಯಿತು. ಈಗ ಮೀಸೆಯಲ್ಲಿ ಬಿಳಿ ಎಳೆ ಬಂದಿತ್ತು, ಮದುವೆಯಾಗಿರಲಿಲ್ಲ. ಊರ ಹೊರಗಿನ ಪವನಧಾರಾ ಫ್ಯಾನ್ ಕಾರ್ಖಾನೆಯಲ್ಲಿ ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸದಲ್ಲಿದ್ದ. ಆಮೇಲೆ ಆ ಮೋಟರುಗಳನ್ನು ವಾರ್ನಿಷಿನಲ್ಲಿ ಅದ್ದಿ ಒಲೆಯಲ್ಲಿ ಬೇಯಿಸುವ ಕೋಣೆಗೆ ಅವನನ್ನು ಹಾಕಿದರು.

ಭಾವ ಮನೆಯಲ್ಲಿ ಕೂತು ಗೋಡೆಗೆ ವ್ರತನಿರ್ಣಯ ಹೇಳುವುದನ್ನು ನೋಡಲಾರದೆ ಭೂದೇವನೇ ತನ್ನ ಜನರಲ್ ಮ್ಯಾನೇಜರಿಗೆ ಅವರ ವಿಷಯ ಹೇಳಿದ. ಅಭಿರೂಪ್ ತನೇಜಾ ಎಂಬ ಆ ಮನುಷ್ಯ ದಿಲ್ಲಿಯವನು, ವಯಸ್ಸು ಚಿಕ್ಕದು, ಹಲ್ಲು ಬಿಳುಪು. ಪ್ರಾಚೀನ ಜ್ಞಾನದಿಂದ ಕಂಪನಿ ನಡೆಸುವುದು ಹೇಗೆ ಎಂಬ ಶಿಬಿರಕ್ಕೆ ಹೋಗಿ ಬಂದಿದ್ದ. ಬಂದಾಗಿನಿಂದ ಅವನಿಗೆ ಒಬ್ಬ ಪಂಡಿತ ಬೇಕಿತ್ತು.

"ಪಂಡಿತ್‌ಜೀ, ನಮ್ಮ ಜನಕ್ಕೆ ನಿಷ್ಕಾಮ ಕರ್ಮ ಕಲಿಸ್ಬೇಕು. ಎಷ್ಟು ಟೈಮ್ ಬೇಕಾಗತ್ತೆ?" ಎಂದು ಕೇಳಿದ.

"ಕೆಲವರಿಗೆ ಏಳು ಜನ್ಮ ಸಾಲಲ್ಲ," ಎಂದರು ಸೇಮವಾಲರು.

"ನಮ್ಮತ್ರ ಗುರುವಾರ ಊಟ ಆದ್ಮೇಲೆ ಒಂದು ಗಂಟೆ ಇದೆ."

ಪಂಡಿತರು ಒಪ್ಪಿದರು. ಖಾಲಿ ಚಾಪೆಗಳಿಗೆ ಪಾಠ ಹೇಳಿದವರಿಗೆ ತುಂಬಿದ ಕುರ್ಚಿಗಳೆಂದರೆ ಏನೆಂದು ಬೇರೆಯವರಿಗೆ ತಿಳಿಯುವುದಿಲ್ಲ.

ಮೊದಲ ತಿಂಗಳು ಸತ್ತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳ ಪಾಠ. ಪಂಡಿತರು ಹೇಳಿದ್ದು, ಎಲ್ಲರಲ್ಲೂ ಮೂರೂ ಇರುತ್ತವೆ, ತನ್ನಲ್ಲಿ ಯಾವುದು ಹೆಚ್ಚೆಂದು ಅವನವನು ನೋಡಿಕೊಳ್ಳಬೇಕು ಎಂದು. ಆಫೀಸಿನವರು ಕೇಳಿಸಿಕೊಂಡದ್ದು, ಪಕ್ಕದವನಲ್ಲಿ ಯಾವುದು ಹೆಚ್ಚೆಂದು ನೋಡಬೇಕು ಎಂದು. ವಾರದೊಳಗೆ ಲೆಕ್ಕದ ವಿಭಾಗವೆಲ್ಲ ತಾಮಸ ಎಂದು ಮಾರಾಟದ ವಿಭಾಗ ತೀರ್ಮಾನಿಸಿತು. ಲೆಕ್ಕದವರು ಮಾರಾಟದವರ ಪ್ರಯಾಣಭತ್ಯೆ ತಡೆದು, ಇದು ವೈರಾಗ್ಯ ಬರಲಿ ಅಂತ ಎಂದರು. ಕ್ಯಾಂಟೀನಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ನಿಂತಿತು. ಕಾರ್ಮಿಕರು ಜೇಬಿನಲ್ಲಿ ಈರುಳ್ಳಿ ತರತೊಡಗಿದರು. ಆ ಬೇಸಗೆಯಲ್ಲಿ ಪವನಧಾರಾ ಫ್ಯಾನ್ ಕೊಂಡವರು ಮೊದಲ ಸಲ ಸ್ವಿಚ್ ಒತ್ತಿದರೆ ಕೋಣೆಯೆಲ್ಲ ಈರುಳ್ಳಿ ವಾಸನೆ ಬರುತ್ತಿತ್ತಂತೆ.

ಆದರೂ ಪಂಡಿತರಿಗೆ ಸುಖವಾಗಿತ್ತು. ಬಾಗಿಲ ಮೇಲೆ ಹಿತ್ತಾಳೆ ಫಲಕ ಬಿತ್ತು: ಮುಖ್ಯ ಜ್ಞಾನಾಧಿಕಾರಿ. ಸತೇಶ್ವರಿ ಅದನ್ನು ಕೇಳಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಅಲ್ಲಿ ಜ್ಞಾನ ಇರೋರು ಇನ್ನೂ ಬೇರೆಯವ್ರು ಇದಾರಾ, ನೀವು ಅವ್ರಿಗೆ ಮುಖ್ಯಸ್ಥರಾ?"

"ಸದ್ಯಕ್ಕೆ ನಾನೊಬ್ಬನೇ."

"ಹಾಗಾದ್ರೆ ಮುಖ್ಯನೂ ನೀವೇ, ಜವಾನನೂ ನೀವೇ. ರೊಟ್ಟಿ ಲಟ್ಟಿಸಕ್ಕೆ ಬನ್ನಿ."

ಅಷ್ಟರಲ್ಲಿ ಕಾರ್ಖಾನೆಗೆ ಎಲ್ಲಿಂದಲೋ ಭಾರಿ ಆರ್ಡರು ಬಂತು. ತನೇಜಾ ಪಂಡಿತರನ್ನು ಕರೆದು ಕಾಫಿ ಕೊಟ್ಟ. ಅವರು ಕಾಫಿ ಕುಡಿಯುವವರಲ್ಲ, ಗೌರವಕ್ಕೆಂದು ಲೋಟ ಹಿಡಿದುಕೊಂಡರು.

"ಪಂಡಿತ್‌ಜೀ, ಭಾಷಣ ಸಾಕು. ಈಗ ಒಂದು ಸಂಕಲ್ಪ ಮಾಡಿಸಿ. ಎಲ್ಲಾ ಕಾರ್ಮಿಕರು, ಅಂಗಳದಲ್ಲಿ, ಕೈಯಲ್ಲಿ ಗಂಗಾಜಲ ಹಿಡ್ಕೊಂಡು. ಫಲ ಕೇಳಲ್ಲ, ಕೈ ನಿಲ್ಸಲ್ಲ, ಈ ಜಾಗ ಬಿಡಲ್ಲ, ಇಷ್ಟು ಬಂದ್ರೆ ಸಾಕು."

"ಯಜಮಾನ ಯಾರು?"

"ಅಂದ್ರೆ?"

"ಯಜ್ಞ ಮಾಡಿಸೋನು ಯಜಮಾನ, ಮಾಡೋರು ಋತ್ವಿಜರು. ಇವ್ರು ದುಡಿಯೋರು, ಋತ್ವಿಜರು ಅನ್ನೋಣ. ಯಜಮಾನನ ಹೆಸರು ಹೇಳ್ಬೇಕಾಗತ್ತೆ. ಫಲ ಅವನಿಗೇ ಹೋಗತ್ತೆ."

ತನೇಜಾನ ಮುಖ ಅರಳಿದ್ದನ್ನು ನೋಡಿದ್ದರೆ ಗಂಗಾ ಆರತಿಯ ದೀಪಗಳು ನಾಚಿ ಆರಿಹೋಗುತ್ತಿದ್ದವು. "ಶಾಸ್ತ್ರದಲ್ಲೇ ಹಾಗಿದೆಯಾ? ನನ್ನ ಹೆಸರೇ ಹಾಕಿ."

"ದೋಷವೂ ಅವನಿಗೇ ಹೋಗತ್ತೆ."

"ಹೋಗ್ಲಿ ಬಿಡಿ, ಇನ್ಶೂರೆನ್ಸ್ ಇದೆ," ಎಂದು ತನೇಜಾ ನಕ್ಕ.

ಪಂಡಿತರೂ ನಕ್ಕರು. ಆಮೇಲೆ ಕಡೆಯ ಮಾತಿಗೆ ಬಂದರು. "ಎಲ್ಲೀವರೆಗೆ ಅಂತ ಹೇಳ್ಬೇಕು ಸಾಹೇಬ್ರೆ. ಅವಧಿ ಇಲ್ಲದ ಸಂಕಲ್ಪ ಉಸಿರಿರೋವರೆಗೂ ಹಿಡ್ಕೊಳ್ಳತ್ತೆ. ಆರ್ಡರ್ ಮುಗಿಯೋವರೆಗೆ ಅಂತ ಸೇರಿಸ್ತೀನಿ."

"ಅದೊಂದು ಬೇಡ ಪಂಡಿತ್‌ಜೀ. ಅವಧಿ ಹಾಕಿದ್ರೆ ಕಾಂಟ್ರ್ಯಾಕ್ಟ್ ಥರ ಆಗತ್ತೆ. ನಮ್ಗೆ ಬೇಕಾಗಿರೋದು ಭಾವನೆ. ಮುಂದಿನ ತಿಂಗಳು ದಿಲ್ಲಿಯಲ್ಲಿ ನಮ್ಮ ಎಲ್ಲಾ ಕಾರ್ಖಾನೆಗಳ ಮ್ಯಾನೇಜರುಗಳ ಮುಂದೆ ನೀವೇ ಮಾತಾಡ್ಬೇಕು."

ಗ್ರಂಥದಲ್ಲಿ ಇಲ್ಲದ್ದನ್ನು ಹೇಳಬಾರದೆಂಬುದು ಪಂಡಿತರ ನೇಮ. ಇರುವುದನ್ನು ಬಿಡಬಾರದೆಂದು ಅವರು ಎಂದೂ ನೇಮ ಮಾಡಿಕೊಂಡಿರಲಿಲ್ಲ. ದಿಲ್ಲಿಯ ಸಭಾಂಗಣ ಕಣ್ಣಮುಂದೆ ಬಂತು, ಅದರ ಸಾಲುಸಾಲು ಕುರ್ಚಿಗಳು ಬಂದವು. ಅವಧಿ ಹೋಯಿತು.

ಜ್ಯೇಷ್ಠ ಮಾಸದ ಗಂಗಾ ದಸರೆಯ ದಿನ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ನಡೆದ ಆ ಸಂಕಲ್ಪವನ್ನು ನೋಡಿದವರು ಇನ್ನೂ ಮರೆತಿಲ್ಲ. ಟ್ಯಾಂಕರಿನಲ್ಲಿ ಗಂಗಾಜಲ ಬಂತು. ಎಲ್ಲರ ಬಲ ಅಂಗೈಗೆ ನೀರು, ಅಕ್ಷತೆ, ಒಂದೊಂದು ಚೆಂಡುಹೂವಿನ ದಳ. ಗೋತ್ರ ಗೊತ್ತಿಲ್ಲದವರು ಕಾಶ್ಯಪ ಎನ್ನಿ ಎಂದರು ಪಂಡಿತರು, ಅರ್ಧ ಕಾರ್ಖಾನೆ ಕಾಶ್ಯಪವಾಯಿತು. ಸಂಸ್ಕೃತ ತಿಳಿಯದೆ ಯಾರೂ ಆಣೆ ಇಡಬಾರದೆಂದು ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ಅರ್ಥ ಹೇಳಿದರು. ಅರ್ಥ ಹೇಳುವುದರಲ್ಲಿ ಅವರು ಒಂದು ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಫಲ ಕೇಳುವುದಿಲ್ಲ. ಕೈ ನಿಲ್ಲಿಸುವುದಿಲ್ಲ. ಈ ಜಾಗ ಬಿಡುವುದಿಲ್ಲ. ಅಂಗಳ ತುಂಬ ಗಂಟಲುಗಳು ಒಟ್ಟಿಗೆ ಅದನ್ನು ಹೇಳಿದವು, ನೀರು ಒಟ್ಟಿಗೆ ನೆಲಕ್ಕೆ ಬಿತ್ತು. ಲಾರಿಗೆ ಸರಕು ಹೇರುವವನೊಬ್ಬ ಮಾತ್ರ ಬಾಯಾರಿಕೆ ತಡೆಯದೆ ತನ್ನ ಅಂಗೈಯ ನೀರನ್ನು ಮೊದಲೇ ಕುಡಿದುಬಿಟ್ಟಿದ್ದ. ಆ ಕಾರ್ಖಾನೆಯಲ್ಲಿ ಅಂದಿನಿಂದ ಅವನೊಬ್ಬನೇ ಸ್ವತಂತ್ರ.

ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದ ಭೂದೇವನ ಕೆನ್ನೆಯ ಮೇಲೂ ನೀರಿತ್ತು.

ಮಳೆಗಾಲದಲ್ಲಿ ವಾರ್ನಿಷ್ ಕೋಣೆಯ ಹೊಗೆ ಎಳೆಯುವ ದೊಡ್ಡ ಫ್ಯಾನು ಕೆಟ್ಟಿತು. ದಿನಕ್ಕೆ ಸಾವಿರಗಟ್ಟಲೆ ಫ್ಯಾನು ಹೊರಗೆ ಕಳಿಸುವ ಕಾರ್ಖಾನೆಯಲ್ಲಿ ತಿರುಗದ ಒಂದೇ ಒಂದು ಫ್ಯಾನು ಅದು. ಬೇಕಾದ ಭಾಗ ಬೇರೆ ಕಡೆಯಿಂದ ಬರಬೇಕು, ಅದಕ್ಕೆ ಮಂಜೂರಾತಿ ಬೇಕು, ಮಂಜೂರಾತಿ ಮುಂದಿನ ಬಜೆಟ್ಟಿನಲ್ಲಿ. ಕೋಣೆಯೊಳಗೆ ವಾರ್ನಿಷ್ ಹೊಗೆ ಎಷ್ಟು ದಟ್ಟವಾಯಿತೆಂದರೆ ಒಳಗಿದ್ದವರು ಒಬ್ಬರನ್ನೊಬ್ಬರು ಕೆಮ್ಮಿನಿಂದ ಗುರುತಿಸುತ್ತಿದ್ದರು. ಭೂದೇವನ ಕೆಮ್ಮು ಎಲ್ಲಕ್ಕಿಂತ ಆಳದಿಂದ ಬರುತ್ತಿತ್ತು. ಮನೆಗೆ ಬಂದರೆ ಅಂಗಿ, ಕೂದಲು, ರೊಟ್ಟಿ ಮುರಿಯುವ ಬೆರಳು, ಎಲ್ಲ ಅದೇ ವಾಸನೆ. ದೀಪಾವಳಿಯ ಹೊತ್ತಿಗೆ ಅವನು ಮಾತಿನ ನಡುವೆ ಉಸಿರಿಗಾಗಿ ನಿಲ್ಲತೊಡಗಿದ. ಹಿಂದೆ ಇದೇ ಕೋಣೆಯವರು ಸಣ್ಣ ತೊಂದರೆಗೂ ಕೈಕಟ್ಟಿ ಹೊರಗೆ ಕೂರುತ್ತಿದ್ದರು, ಸಂಜೆಯೊಳಗೆ ರಿಪೇರಿಯಾಗುತ್ತಿತ್ತು. ಈಗ ಯಾರೂ ಕೂರಲಿಲ್ಲ.

ಸತೇಶ್ವರಿ ಹುರುಳಿ ಸಾರು ಬಡಿಸುತ್ತ ಗಂಡನ ಮುಖ ನೋಡದೆ ಹೇಳಿದಳು: "ನೀವು ಕಟ್ಟಿದ್ದು, ನೀವೇ ಬಿಚ್ಚಿ. ನನ್ನ ತಮ್ಮನ್ನ ಆ ಕೋಣೆಯಿಂದ ಹೊರಗೆ ತನ್ನಿ. ಬೇರೆ ಏನೂ ಕೇಳಲ್ಲ ನಾನು."

ಪಂಡಿತರು ಭೂದೇವನ ಕಡೆ ತಿರುಗಿದರು. "ನಾಳೆಯಿಂದ ಹೋಗ್ಬೇಡ ಕಣೋ."

"ಏನ್ ಭಾವ ಹೀಗಂತೀರಿ? ಗಂಗಾಜಲ ಹಿಡ್ಕೊಂಡು ಹೇಳಿದೀನಿ."

"ಅದು ಸರಿಯಾದ ಸಂಕಲ್ಪ ಅಲ್ಲ. ಅವಧಿ ಹೇಳ್ಬೇಕಿತ್ತು, ನಾನು ಬಿಟ್ಟೆ."

ಭೂದೇವ ರೊಟ್ಟಿ ಕೆಳಗಿಟ್ಟು ಯೋಚಿಸಿದ. "ಅವಧಿ ಹೇಳ್ದೆ ಇದ್ರೆ ಉಸಿರಿರೋವರೆಗೂ ಅಂತ ನೀವೇ ಅಲ್ವಾ ನಂಗೆ ಚಿಕ್ಕೋನಿದ್ದಾಗ ಹೇಳಿದ್ದು? ಅಕ್ಕ ಸೋಮವಾರದ ಉಪವಾಸ ಹಿಡಿದಾಗ?" ಸ್ವಲ್ಪ ಕೆಮ್ಮಿ, ನಕ್ಕ. "ನನ್ನ ಉಸಿರು ನೋಡಿದ್ರೆ ಜಾಸ್ತಿ ದಿನ ಇಲ್ಲ ಬಿಡಿ, ಬೇಗ ಮುಗಿಯತ್ತೆ ವ್ರತ."

"ಬಾಯ್ಮುಚ್ಚು!" ಎಂದಳು ಅಕ್ಕ.

"ಮುಗಿಸೋ ದಾರಿ ಇದೆ," ಎಂದರು ಪಂಡಿತರು. "ಯಜಮಾನ ಉದ್ಯಾಪನೆ ಮಾಡ್ಬೇಕು. ಮತ್ತೆ ನೀರು ಹಿಡ್ಕೊಂಡು, ಮುಗೀತು ಅಂತ ಬಿಡ್ಬೇಕು. ಒಂದು ನಿಮಿಷದ ಕೆಲಸ. ನಾಳೆ ಮಾಡಿಸ್ತೀನಿ."

ಮರುದಿನ ತನೇಜಾನ ಕೋಣೆಗೆ ತಾಮ್ರದ ತಂಬಿಗೆ ಹಿಡಿದು ಹೋದರು. ತನೇಜಾ ಪ್ರೀತಿಯಿಂದಲೇ ಕೂರಿಸಿದ, ಎಲ್ಲ ಕೇಳಿದ.

"ಪಂಡಿತ್‌ಜೀ, ನಾನೇನು ಅವ್ರನ್ನ ಕಟ್ಟಿಹಾಕಿದೀನಾ? ಗೇಟು ತೆರೆದಿದೆ. ಕಂಪನಿ ರೂಲ್ಸಲ್ಲಿ ಸಂಕಲ್ಪ ಅಂತ ಒಂದು ಪದ ಇದೆಯಾ, ತೋರ್ಸಿ. ಇದು ಅವ್ರಿಗೂ ಗಂಗಾ ಮಾತೆಗೂ ಮಧ್ಯ ಇರೋದು. ನಾನು ನಡುವೆ ಬಂದ್ರೆ ಪಾಪ ಅಲ್ವಾ?"

"ಯಜಮಾನರು ನೀವು. ಈ ನೀರು ಹಿಡಿದು ಒಂದು ಮಾತು ಹೇಳಿ, ಸಾಕು."

"ಆರ್ಡರ್ ಅರ್ಧದಲ್ಲಿದೆ." ತನೇಜಾ ಅವರ ಭುಜ ಮುಟ್ಟಿದ. "ಹಾಗೆ ನೋಡಿದ್ರೆ ಇದು ಮೋಹ ಪಂಡಿತ್‌ಜೀ. ಭಾಮೈದನ ಮೇಲಿನ ಮೋಹ. ಒಂದು ಗುರುವಾರ ನೀವೇ ಹೇಳಿದ್ರಿ, ನನ್ನವರು ಅನ್ನೋ ಭಾವನೆ ಬಂದ ಕೂಡ್ಲೆ ನಾಯಕ ಸೋಲ್ತಾನೆ ಅಂತ. ನನಗದು ತುಂಬಾ ಹಿಡಿಸ್ತು. ಬರ್ಕೊಂಡಿದೀನಿ."

ಚಕ್ರಧರ ಸೇಮವಾಲರು ಜೀವಮಾನದಲ್ಲಿ ವಾದದಲ್ಲಿ ಸೋತವರಲ್ಲ. ಆ ದಿನ ತಮ್ಮ ವಿರುದ್ಧವೇ ವಾದಿಸಬೇಕಾಗಿ ಬಂದು, ಎದುರಾಳಿ ಬಲಶಾಲಿಯೆಂದು ಕಂಡು, ತಂಬಿಗೆ ತೆಗೆದುಕೊಂಡು ಹೊರಗೆ ಬಂದರು. ದಾರಿಯಲ್ಲಿ ವಾರ್ನಿಷ್ ಕೋಣೆಯ ಮುಂದೆ ನಿಂತರು. ಬಾಗಿಲ ಸಂದಿಯಿಂದ ಬಂದ ಹೊಗೆ ಅವರ ಗಂಟಲು ಹಿಡಿಯಿತು. ಒಳಗಿನ ಕೆಮ್ಮುಗಳಲ್ಲಿ ಒಂದನ್ನು ಅವರೂ ಗುರುತಿಸಿದರು.

ಆಮೇಲೆ ಅವರು ದಿನಾ ಹೋದರು. ತನೇಜಾ ದಿನಾ ಮೀಟಿಂಗಿನಲ್ಲಿದ್ದ. ಕಡೆಗೊಂದು ದಿನ ಕೋಣೆಯೇ ಖಾಲಿಯಾಗಿತ್ತು. ಆರ್ಡರು ಮುಗಿದಿತ್ತು, ಕಂಪನಿಯನ್ನು ದೂರದ ಇನ್ನಾವುದೋ ಕಂಪನಿ ಕೊಂಡುಕೊಂಡಿತ್ತು, ತನೇಜಾ ಬಡ್ತಿ ಪಡೆದು ಸಮುದ್ರದಾಚೆ ಹೋಗಿದ್ದ. ಹೋಗುವ ಮೊದಲು ಎಲ್ಲರಿಗೂ ಲಡ್ಡು ಹಂಚಿಸಿದ್ದ, ದಿಲ್ಲಿಯ ಸಭೆಯ ಮಾತನ್ನು ಮಾತ್ರ ಮತ್ತೆ ಎತ್ತಿರಲಿಲ್ಲ. ಉದ್ಯಾಪನೆ ಮಾಡಬೇಕಾದ ಯಜಮಾನ ಈಗ ಭೂಮಿಯ ಆಚೆ ಬದಿಯಲ್ಲಿದ್ದ, ಅಲ್ಲಿ ಇಲ್ಲಿನ ಹಗಲು ರಾತ್ರಿಯಾಗಿರುತ್ತದೆ. ಪಂಡಿತರು ಫೋನು ಮಾಡಿಸಿದರು. ಫೋನು ಹಾಡು ಹಾಡಿತು, ಮನುಷ್ಯ ಮಾತಾಡಲಿಲ್ಲ.

ಹೊಸ ಮ್ಯಾನೇಜರಮ್ಮ ಮೃಣಾಲಿನಿ ಸೇಠ್ ಬಂದ ವಾರವೇ ಗುರುವಾರದ ಪಾಠ ನಿಲ್ಲಿಸಿದರು. ಅದರ ಬದಲು ಮೊಬೈಲಿನಲ್ಲಿ ಉಸಿರಾಟ ಕಲಿಸುವ ವ್ಯವಸ್ಥೆ ಬಂತು. ವಾರ್ನಿಷ್ ಕೋಣೆಯವರಿಗೂ ಬಂತು. "ಆಳವಾಗಿ ಉಸಿರು ಎಳೆದುಕೊಳ್ಳಿ" ಎಂದು ಮೊಬೈಲು ಹೇಳುತ್ತಿತ್ತು, ಅವರು ಎಳೆದುಕೊಳ್ಳುತ್ತಿದ್ದರು. ಹಿತ್ತಾಳೆ ಫಲಕವನ್ನು ಪಂಡಿತರೇ ಸ್ಕ್ರೂ ಬಿಚ್ಚಿ ಮನೆಗೆ ತಂದರು. ಸತೇಶ್ವರಿ ಅದನ್ನು ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಮಾಡಿದಳು.

ಇತರ ವಿಭಾಗದವರು ಆಣೆಯಿಂದ ಜಾರಿಕೊಳ್ಳಲು ತಮ್ಮ ತಮ್ಮ ದಾರಿ ಕಂಡುಕೊಂಡರು. ಆ ನೀರು ಯಾವತ್ತೋ ಒಣಗಿತು ಎಂದರು ಕೆಲವರು. ಟ್ಯಾಂಕರು ತಂದದ್ದು ಬೋರ್‌ವೆಲ್ ನೀರೆಂದು ಇನ್ನು ಕೆಲವರು ಸಾಕ್ಷಿ ಸಮೇತ ಸಾಧಿಸಿ ಹಗುರಾದರು. ಭೂದೇವನೂ, ಅವನನ್ನು ನೋಡಿ ವಾರ್ನಿಷ್ ಕೋಣೆಯ ಇನ್ನಷ್ಟು ಬೆಟ್ಟದವರೂ ಮಾತ್ರ ಕದಲಲಿಲ್ಲ. ಒಂದು ಸಂಜೆ ಅವನು ಮನೆಗೆ ಬರುವಾಗ ಘಟ್ಟದ ಮೆಟ್ಟಿಲ ಮೇಲೆ ಮೂರು ಕಡೆ ಕೂತೆದ್ದು ಬಂದ. ಕರವಸ್ತ್ರದಲ್ಲಿ ಕೆಂಪು ಕಂಡದ್ದನ್ನು ಅಕ್ಕನಿಗೆ ತೋರಿಸದೆ ಒಗೆಯಲು ಹೋದ. ಅಕ್ಕ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಅವಳು ಅಳಲಿಲ್ಲ. ಗಂಡನ ಮುಂದೆ ಬಂದು ಆ ಕರವಸ್ತ್ರ ಇಟ್ಟು ಒಳಗೆ ಹೋದಳು.

ಪಂಡಿತರು ಅದರ ಮುಂದೆಯೇ ಕೂತರು. ತಲೆಯೊಳಗಿನ ಗ್ರಂಥಗಳನ್ನೆಲ್ಲ ಮೊದಲಿಂದ ಕಡೆಯವರೆಗೆ ಜಾಲಾಡಿದರು. ಯಜಮಾನ ಸತ್ತರೆ ಏನು, ಅದಿತ್ತು. ಯಜಮಾನನಿಗೆ ಸೂತಕ ಬಂದರೆ ಏನು, ಅದೂ ಇತ್ತು. ಯಜಮಾನ ಬಡ್ತಿ ಪಡೆದು ಹೋದರೆ ಏನು ಎಂಬುದನ್ನು ಯಾವ ಋಷಿಯೂ ಯೋಚಿಸಿರಲಿಲ್ಲ. ಕಡೆಗೆ ಎದ್ದು ಭೂದೇವನ ಮಂಚದ ಬಳಿ ಹೋದರು.

"ಭೂದೇವ, ಸಿಕ್ತು ಕಣೋ. ಇಷ್ಟು ದಿನ ಮರೆತೇಹೋಗಿತ್ತು ನಂಗೆ. ಕೇಳು." ಎಮ್ಮೆ ನಿಲ್ಲಿಸುವ ಕಂಠ ಅವತ್ತು ಪಿಸುಮಾತಿನಷ್ಟಿತ್ತು.

"ಯಜಮಾನೇ ಪರಾವೃತ್ತೇ ಸಂಕಲ್ಪೋಽಪಿ ನಿವರ್ತತೇ
ಋತ್ವಿಜಾಂ ನ ಭವೇದ್ದೋಷಸ್ತ್ಯಕ್ತ್ವಾ ಕರ್ಮ ಯಥಾಸುಖಮ್"

"ಅರ್ಥ ಹೇಳಿ ಭಾವ."

"ಯಜಮಾನ ಬಿಟ್ಟು ಹೋದ್ರೆ ಸಂಕಲ್ಪವೂ ಅವನ ಜೊತೆಗೇ ಹೋಗತ್ತೆ. ಋತ್ವಿಜರು ಕೆಲಸ ಬಿಟ್ಟು ಸುಖವಾಗಿ ಹೋಗ್ಬಹುದು. ದೋಷ ಇಲ್ಲ."

ಯಾವ ಗ್ರಂಥ ಎಂದು ಭೂದೇವ ಕೇಳಲಿಲ್ಲ. ಅದನ್ನು ಕೇಳುವ ಅಭ್ಯಾಸ ಆ ಮನೆಯಲ್ಲಿ ಒಬ್ಬರಿಗೇ ಇತ್ತು. "ದೋಷ ಇಲ್ವಾ?" ಎಂದಷ್ಟೇ ಕೇಳಿದ. ಇಲ್ಲ ಎಂದ ಕೂಡಲೆ ಮಗುವಿನ ಹಾಗೆ ನಿದ್ದೆ ಹೋದ. ಫ್ರಿಜ್ಜಿನ ಶ್ಲೋಕದ ಪುರೋಹಿತರು ಕೂತಲ್ಲೇ ಮಾಡಿದ್ದ ಕೆಲಸವನ್ನು ಸೇಮವಾಲರೂ ಒಂದು ಮೇಣದಬತ್ತಿ ಕರಗುವುದರೊಳಗೆ ಮಾಡಿದ್ದರು, ಛಂದಸ್ಸು ಎಲ್ಲೂ ಕುಂಟಿರಲಿಲ್ಲ. ಹೆಮ್ಮೆಪಡಬೇಕಿತ್ತು. ಹೊರಗೆ ಹೋಗಿ ವಾಂತಿ ಮಾಡಿದರು.

ಭೂದೇವ ಕಾರ್ಖಾನೆಗೆ ಹೋಗುವುದನ್ನು ನಿಲ್ಲಿಸಿದ. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಪಂಡಿತರನ್ನು ನೋಡಿದರು.

"ಎಷ್ಟು ತಿಂಗಳಾಯ್ತು ಆ ಹೊಗೆಯಲ್ಲಿ?"

"ಮಳೆಗಾಲದಿಂದ."

"ಮೊದಲೇ ಬಿಡಿಸ್ಬೇಕಿತ್ತು ಪಂಡಿತ್‌ಜೀ. ಈಗ ಇರೋದನ್ನ ಕಾಪಾಡ್ಕೊಳ್ಳೋದು ಅಷ್ಟೇ. ಹೋದದ್ದು ವಾಪಸ್ ಬರಲ್ಲ."

ಭೂದೇವನಿಗೆ ಮಾತ್ರ ಖುಷಿ. ತಾನು ಬಿಡುಗಡೆಯಾದ ಮೇಲೆ ಜೊತೆಗಾರರು ಯಾಕೆ ಸಿಕ್ಕಿಕೊಂಡಿರಬೇಕು? ನೋಡಲು ಬಂದವರಿಗೆಲ್ಲ ಆ ಶ್ಲೋಕವನ್ನು, ಉಚ್ಚಾರ ಅರ್ಧಂಬರ್ಧ, ಉಸಿರು ಅರ್ಧಂಬರ್ಧ, ಹೇಳಿಕೊಟ್ಟ. ವಾರ್ನಿಷ್ ಕೋಣೆಯವರು ಒಂದು ಬೆಳಿಗ್ಗೆ ಹೊರಗೆ ಬಂದು ನೆಲದ ಮೇಲೆ ಕೂತರು. ಹೊಗೆ ಎಳೆಯುವ ಫ್ಯಾನು ಸರಿಯಾಗುವ ತನಕ ಒಳಗೆ ಹೋಗುವುದಿಲ್ಲ, ಯಜಮಾನ ಹೋದ, ನಮಗೆ ದೋಷವಿಲ್ಲ ಎಂದರು. ಪಂಡಿತರಿಗೆ ಸುದ್ದಿ ತಲುಪಿದಾಗ, ಸುಳ್ಳಿನಿಂದಲೂ ಒಂದು ಒಳ್ಳೆಯದಾಯಿತೇನೋ ಎಂದು ಅರ್ಧ ದಿನ ಅನ್ನಿಸಿತು. ಆ ವರ್ಷ ಅವರ ಪಾಲಿಗೆ ಬಂದ ಸಂತೋಷ ಅದೊಂದೇ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು.

ಮಧ್ಯಾಹ್ನ ಮೃಣಾಲಿನಿ ಸೇಠ್ ಕಾರು ಕಳಿಸಿದರು.

"ಪಂಡಿತ್‌ಜೀ, ನಿಮ್ಮ ಪಾಠ ನಿಲ್ಸಿದ್ದು ನನ್ನ ತಪ್ಪು, ಕ್ಷಮಿಸ್ಬೇಕು," ಎಂದು ಕೈಮುಗಿದರು ಆಕೆ. "ಆ ಶ್ಲೋಕ ಎಷ್ಟು ಚೆನ್ನಾಗಿದೆ! ಯಜಮಾನ ಬದಲಾದ್ರೆ ಸಂಬಂಧ ಮುಗೀತು. ನಾನು ಬಂದಾಗಿಂದ ಇದನ್ನೇ ಹೇಳಕ್ಕೆ ಒದ್ದಾಡ್ತಿದೀನಿ, ವಕೀಲರಿಗೂ ಇಷ್ಟು ಚೆನ್ನಾಗಿ ಬರಿಯಕ್ಕೆ ಬರ್ಲಿಲ್ಲ."

"ಅಮ್ಮಾ, ಅದು ಅವ್ರಿಗೆ ಹೇಳಿದ್ದು. ಕೆಲಸ ಮಾಡೋರಿಗೆ."

"ಹೌದಲ್ವಾ, ಅವ್ರಿಗೇ ನಾನೂ ಹೇಳೋದು. ಹಳೇ ಕಂಪನಿ ಅವ್ರನ್ನ ಕೆಲಸಕ್ಕೆ ತಗೊಂಡಿತ್ತು, ಆ ಕಂಪನಿ ಹೋಯ್ತು. ಅವ್ರು ಸುಖವಾಗಿ ಹೋಗ್ಬಹುದು. ನಿಮ್ಮ ಶ್ಲೋಕದಲ್ಲೇ ಇದೆ, ಸುಖವಾಗಿ ಅಂತ. ಗೇಟಿನ ಮೇಲೆ ಬ್ಯಾನರ್ ಮಾಡಿಸಿ ಹಾಕಿಸ್ತೀನಿ."

ಸುಳ್ಳು ಎಂದು ಆಗ ಹೇಳಬೇಕಿತ್ತು. ಇದು ಯಾವ ಗ್ರಂಥದಲ್ಲೂ ಇಲ್ಲ, ನಾನೇ ಕಟ್ಟಿದ್ದು ಎಂದುಬಿಟ್ಟರೆ ಬ್ಯಾನರು ಏಳುವುದಿಲ್ಲ. ಆದರೆ ಆ ಮಾತು ಸಂಜೆಯೊಳಗೆ ಊರು ಸುತ್ತಿ ಭೂದೇವನ ಮಂಚ ತಲುಪುತ್ತದೆ. ತಲುಪಿದರೆ ಅವನು ಎದ್ದು, ಗೋಡೆ ಹಿಡಿದುಕೊಂಡು, ವಾರ್ನಿಷ್ ಕೋಣೆಗೆ ನಡೆಯುತ್ತಾನೆ. ಪಂಡಿತರ ಬಾಯಿ ತೆರೆಯಿತು, ಮುಚ್ಚಿತು. ಮ್ಯಾನೇಜರಮ್ಮ ಅದನ್ನು ಆಶೀರ್ವಾದವೆಂದು ತಿಳಿದು ಮತ್ತೊಮ್ಮೆ ಕೈಮುಗಿದರು.

ಬ್ಯಾನರು ಗೇಟಿನ ಮೇಲೆ ಎದ್ದಿತು, ಶ್ಲೋಕ ಕೇಸರಿ ಅಕ್ಷರಗಳಲ್ಲಿ, ಅರ್ಥ ಕೆಳಗೆ. ಹಳೆಯ ಕಾಯಂ ಕಾರ್ಮಿಕರೆಲ್ಲರೂ ಆ ತಿಂಗಳ ಕೊನೆಗೆ ಕೆಲಸ ಕಳೆದುಕೊಂಡು ಹೊರಗೆ ಬಂದರು. ಬೋರ್‌ವೆಲ್ ನೀರೆಂದು ಸಾಧಿಸಿದವರೂ ಬಂದರು, ಬಾಯಾರಿ ಕುಡಿದವನೂ ಬಂದ. ಮೂರು ದಿನ ಬಿಟ್ಟು ಬೇರೆ ಸೀಮೆಯ ಗುತ್ತಿಗೆ ಕೆಲಸಗಾರರು ಬಸ್ಸಿನಲ್ಲಿ ಬಂದಿಳಿದರು. ಹೊಗೆಯ ಫ್ಯಾನಿನ ಭಾಗ ಇನ್ನೂ ಬಂದಿರಲಿಲ್ಲ. ಪಂಡಿತರು ಗೇಟಿನ ಬಳಿ ನಿಂತು ಅವರಲ್ಲೊಬ್ಬನ ತೋಳು ಹಿಡಿದು, ಆ ಕೋಣೆಗೆ ಹೋಗಬೇಡಪ್ಪಾ ಎಂದರು.

"ಬಿಡಿ ಪಂಡಿತ್‌ಜೀ," ಎಂದು ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡ. "ಆ ಕೋಣೆ ಅಲ್ದಿದ್ರೆ ಇನ್ನೊಂದು ಕೋಣೆ. ನಮ್ಗೇನು ಆರಿಸ್ಕೊಳ್ಳಕ್ಕೆ ಹತ್ತು ಕೋಣೆ ಇಟ್ಟಿದಾರಾ?" ಎಂದು ಒಳಗೆ ಹೋದ.

ಮನೆಗೆ ಬಂದಾಗ ಭೂದೇವ ದಿಂಬುಗಳಿಗೆ ಒರಗಿ ಕೂತಿದ್ದ. ಮಲಗಿದರೆ ಈಗ ಉಸಿರು ಸಿಗುತ್ತಿರಲಿಲ್ಲ. ಸತೇಶ್ವರಿ ಅವನ ಬೆನ್ನು ನೀವುತ್ತಿದ್ದಳು, ಗಂಡ ಬಂದದ್ದಕ್ಕೆ ತಲೆ ಎತ್ತಲಿಲ್ಲ. ಅವಳು ಕೇಳಿದ್ದು ಒಂದೇ, ತಮ್ಮನನ್ನು ಆ ಕೋಣೆಯಿಂದ ಹೊರಗೆ ತರುವುದು. ಅವರು ತಂದಿದ್ದರು. ಅವನ ಉಸಿರನ್ನು ತರಲು ಆಗಿರಲಿಲ್ಲ.

"ಭಾವ, ನಿಮ್ಮ ಶ್ಲೋಕ ಗೇಟಿನ ಮೇಲೆ ಹಾಕಿದಾರಂತೆ?" ಒಂದೊಂದು ಪದಕ್ಕೂ ನಿಂತು ಕೇಳಿದ ಭೂದೇವ. "ಯಾರೋ ಹೇಳಿದ್ರು. ಕೆಲಸ ಹೋದ ಬೇಜಾರಲ್ಲೂ ಎಲ್ಲಾರೂ ನಿಂತು ಓದ್ತಾರಂತೆ. ಯಾವ ಗ್ರಂಥದ್ದು ಅಂತ ಕೆಳಗೆ ಬರೆದಿಲ್ವಂತೆ. ನೀವು ಹೇಳಿ ಬರೆಸ್ಬೇಕು. ಇಲ್ದಿದ್ರೆ ಯಾರೋ ಸುಮ್ನೆ ಹೊಸೆದಿದ್ದು ಅನ್ಕೋತಾರೆ ಜನ."

"ಬರೆಸ್ತೀನಿ," ಎಂದರು ಪಂಡಿತರು.

"ಯಾವ ಗ್ರಂಥ ಭಾವ?"

ಸತೇಶ್ವರಿಯ ಕೈ ತಮ್ಮನ ಬೆನ್ನ ಮೇಲೆ ನಿಂತಿತು. ಅವಳು ಗಂಡನ ಕಡೆ ನೋಡಿದಳು. ಪಂಡಿತ ಚಕ್ರಧರ ಸೇಮವಾಲರು ಮಂಚದ ತುದಿಯಲ್ಲಿ ಕೂತು, ಯಾರೂ ಬರೆಯದ ಒಂದು ಗ್ರಂಥದ ಹೆಸರನ್ನೂ, ಅದರ ಅಧ್ಯಾಯವನ್ನೂ, ಅದನ್ನು ಬರೆದ ಋಷಿಯ ಗೋತ್ರವನ್ನೂ, ಒಂದು ತಡವರಿಕೆಯೂ ಇಲ್ಲದೆ ಹೇಳಿದರು. ಭೂದೇವ ತುಟಿಯಾಡಿಸಿ ಅದನ್ನು ಬಾಯಿಪಾಠ ಮಾಡಿಕೊಳ್ಳತೊಡಗಿದ.